‘ಸ್ವಂತ ರಚನೆ’ ಎಂಬ ಮಾತು

ಊರಿನ ಸಾಹಿತ್ಯ ಸಂಘವು ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿ ಪ್ರಕಟಣೆ ಹೊರಡಿಸಿದಾಗ ಬಹುಮಂದಿ ಅದನ್ನು ಅರ್ಧದವರೆಗೆ ಮಾತ್ರ ಓದುತ್ತಾರೆ. ಬಹುಮಾನದ ಮೊತ್ತ ಎಷ್ಟು, ಕಥೆ ಎಷ್ಟು ಪುಟಗಳನ್ನು ಮೀರಬಾರದು, ಕಳುಹಿಸಲು ಕಡೆಯ ದಿನ ಯಾವುದು ಎಂಬ ಮೂರು ಸಂಗತಿಗಳು ತಿಳಿದರೆ ಸಾಕು, ಉಳಿದುದೆಲ್ಲ ಪದ್ಧತಿಯ ಮಾತೆಂದು ಭಾವಿಸಿ ಕಾಗದವನ್ನು ಮಡಿಚಿಡುತ್ತಾರೆ. ಆದರೆ ನಿಜವಾದ ನಿಬಂಧನೆಗಳು ಆ ಉಳಿದ ಅರ್ಧದಲ್ಲಿಯೇ ಇರುತ್ತವೆ. ಕಥೆಯ ಹಾಳೆಗಳ ಮೇಲೆ ಎಲ್ಲಿಯೂ ಬರೆದವರ ಹೆಸರಿರಕೂಡದು. ಹೆಸರು, ವಿಳಾಸಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಕಥೆಯು ಅನುವಾದವಾಗಲಿ ಅನುಕರಣೆಯಾಗಲಿ ಆಗಿರಬಾರದು. ಹಿಂದೆ ಎಲ್ಲಿಯೂ ಪ್ರಕಟವಾಗಿರಬಾರದು. ಕಡೆಗೆ, ‘ಇದು ನನ್ನ ಸ್ವಂತ ರಚನೆ’ ಎಂದು ದೃಢೀಕರಿಸಿ ರುಜು ಮಾಡಬೇಕು.

ಈ ಕಡೆಯ ಸಾಲಿಗೆ ರುಜು ಹಾಕುವುದು ಎಷ್ಟು ಹೊತ್ತಿನ ಕೆಲಸ? ಅಂಗಡಿಯಲ್ಲಿ ಕುಳಿತವನು ದಿನಕ್ಕೆ ಹತ್ತು ರಸೀತಿಗಳಿಗೆ ರುಜು ಹಾಕುತ್ತಾನೆ, ಪ್ರತಿಯೊಂದನ್ನೂ ಓದುವುದಿಲ್ಲ. ಆದರೂ ಲೆಕ್ಕದ ವ್ಯವಹಾರ ಬಲ್ಲವರಿಗೆ ಒಂದು ಮಾತು ಗೊತ್ತು. ಕಿರ್ದಿಯ ಪುಟದಲ್ಲಿ ಅಂಕಿಗಳು ಎಷ್ಟೇ ಅಚ್ಚುಕಟ್ಟಾಗಿರಲಿ, ಕೆಳಗೆ ಬಿದ್ದ ರುಜುವೇ ಆ ಪುಟದ ಜೀವ. ಅದು ಸುಳ್ಳಾದರೆ ಮೇಲಿನ ಕೂಡಿಕೆ ಸರಿಯಿದ್ದೂ ಪ್ರಯೋಜನವಿಲ್ಲ. ಕಥಾಸ್ಪರ್ಧೆಯ ಆ ಒಂದು ಸಾಲಿನ ಮುಂದೆ ಲೇಖನಿ ಹಿಡಿದು ಎರಡು ದಿನ ಕುಳಿತ ಒಬ್ಬರ ಪ್ರಸಂಗವನ್ನು ಇಲ್ಲಿ ನಿವೇದಿಸಲಾಗಿದೆ. ಪ್ರಸಂಗ ನಡೆದದ್ದು ಕೊಡಗಿನಲ್ಲಿ.

ಕೊಡಗು ಚಿಕ್ಕ ಜಿಲ್ಲೆ. ಕಾಫಿ, ಮೆಣಸು, ಕಿತ್ತಳೆಗಳಿಂದ ಅದನ್ನು ಬಲ್ಲವರು ಹೆಚ್ಚು. ಅಕ್ಷರಗಳಿಂದ ಬಲ್ಲವರು ಕಡಿಮೆ. ಆದರೆ ಅಲ್ಲಿ ಕೊಡವ ತಕ್ಕ್, ಅರೆಭಾಷೆ ಮೊದಲಾದ ನುಡಿಗಳೊಡನೆ ಕನ್ನಡವೂ ಮನೆಮಾತಿನಷ್ಟೇ ಸಲುಗೆಯಿಂದ ಬೆಳೆದಿದೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿದಾಗ ಅವರು ಬಳಸಿದ್ದು ಕನ್ನಡ ಲಿಪಿಯನ್ನೇ. ಕೊಡಗಿನವರಾದ ಭಾರತೀಸುತರ (1915–1976) ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯು 1973ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ ನಾಡಿನ ಮನೆಮನೆಗೂ ತಲುಪಿತು. ಇವರೆಲ್ಲರ ನಡುವೆ, ಸಣ್ಣಕಥೆ ಎಂದೊಡನೆ ಕೊಡಗಿನವರ ನಾಲಿಗೆಗೆ ಮೊದಲು ಬರುವ ಹೆಸರು ಕೊಡಗಿನ ಗೌರಮ್ಮನವರದು.

ಗೌರಮ್ಮನವರು 1912ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ವಿವಾಹಾನಂತರ ಸುಂಟಿಕೊಪ್ಪದ ಬಳಿಯ ಕಾಫಿತೋಟದಲ್ಲಿ ಪತಿಯೊಡನೆ ನೆಲೆಸಿದರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು, ಆ ಕಾಲದ ಗೃಹಿಣಿಯೊಬ್ಬಳಿಂದ ಯಾರೂ ನಿರೀಕ್ಷಿಸದ ಕಥೆಗಳನ್ನು ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿಯವರು ಕೊಡಗಿಗೆ ಬಂದಾಗ, ತಮ್ಮ ಮನೆಗೂ ಅವರು ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮಹಾತ್ಮರ ಕೈಗೆ ತಮ್ಮ ಒಡವೆಗಳನ್ನು ಹರಿಜನ ನಿಧಿಗಾಗಿ ಅರ್ಪಿಸಿದರು. 1939ರ ಏಪ್ರಿಲ್ ತಿಂಗಳಲ್ಲಿ ಈಜುತ್ತಿದ್ದಾಗ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಅವರು ಕಣ್ಮರೆಯಾದ ಮೇಲೆ ಪ್ರಕಟವಾದವು. ಬದುಕಿದ್ದಾಗ ಅವರ ಕಥೆಗಳು ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು ಪತಿಯ ಹೆಸರಿನ ಮರೆಯಲ್ಲಿ ಅಚ್ಚಾಗುತ್ತಿದ್ದವು. ಇಂದು ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಜಿಲ್ಲೆಯ ಲೇಖಕಿಯರಿಗೆ ಅವರ ಹೆಸರಿನಲ್ಲಿಯೇ ದತ್ತಿ ಪ್ರಶಸ್ತಿ ನೀಡುತ್ತದೆ. ಮಡಿಕೇರಿಯವರಾದ ದೀಪಾ ಭಾಸ್ತಿಯವರು 2023ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದರು. ಅದೇ ಅನುವಾದಕಿ 2025ರಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಕಥೆಗಳಿಗಾಗಿ ಲೇಖಕಿಯೊಡನೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಹಂಚಿಕೊಂಡುದು ಸರ್ವವಿದಿತ.

ಹೀಗಿರಲು, ಕೊಡಗಿನಲ್ಲಿ ಸ್ಥಳೀಯ ಲೇಖಕರಿಗೆಂದು ಕಥಾಸ್ಪರ್ಧೆ ಏರ್ಪಟ್ಟರೆ ಅದು ಕೇವಲ ಬಹುಮಾನದ ಸಂಗತಿಯಾಗಿ ಉಳಿಯುವುದಿಲ್ಲ. ‘ಪ್ರಜಾವಾಣಿ’ಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ದಶಕಗಳಿಂದ ನಾಡಿನ ದೊಡ್ಡ ಬಾಗಿಲಾಗಿದ್ದರೆ, ಊರಿನ ಸಂಘದ ಸ್ಪರ್ಧೆ ಮನೆಯ ಹಿತ್ತಿಲ ಬಾಗಿಲು. ಪತ್ರಿಕೆಯ ಕಚೇರಿಗೆ ಕಥೆ ಕಳುಹಿಸಲು ಅಳುಕುವವರು ಇಲ್ಲಿ ಧೈರ್ಯ ಮಾಡುತ್ತಾರೆ. ಹೆಸರಿಲ್ಲದ ಹಾಳೆಗಳನ್ನು ತೀರ್ಪುಗಾರರು ಓದುವುದರಿಂದ ತೋಟದ ಯಜಮಾನ, ತೋಟದ ರೈಟರು, ಕಾಲೇಜಿನ ಉಪನ್ಯಾಸಕ, ಹೊಲಿಗೆಯ ಹೆಂಗಸು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತ ಹಾಗೆ. ಬೇರೆ ಯಾವ ಸಭೆಯಲ್ಲಿಯೂ ಈ ಸಮಾನತೆ ಅಷ್ಟು ಸುಲಭವಾಗಿ ದೊರೆಯದು.

ಪ್ರಸಂಗದ ಮುಖ್ಯ ವ್ಯಕ್ತಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಊರಿನವರಿಗೆಲ್ಲ ಅವರು ‘ಟೀಚರ್’. ಹೆಸರು, ಊರುಗಳನ್ನು ಇಲ್ಲಿ ಬೇಕೆಂದೇ ಬಿಡಲಾಗಿದೆ. ಕಾರಣ ಮುಂದೆ ತಿಳಿಯುವುದು. ಮೂವತ್ತೈದು ವರ್ಷ ಅವರು ಬರೆದದ್ದೆಲ್ಲ ಪರರಿಗಾಗಿ ಬರೆದದ್ದು. ಮಕ್ಕಳ ವರ್ಗಾವಣೆ ಪತ್ರ, ವಿಧವಾ ವೇತನದ ಅರ್ಜಿ, ಪಡಿತರ ಚೀಟಿಯ ತಿದ್ದುಪಡಿಯ ಅರ್ಜಿ, ಪಟ್ಟಣದಲ್ಲಿರುವ ಮಗನಿಗೆ ತಾಯಿ ಹೇಳಿ ಬರೆಯಿಸಿದ ಕಾಗದ. ತಮ್ಮದೆಂದು ಬರೆದದ್ದು ದಿನಚರಿಯ ಪುಸ್ತಕ ಮಾತ್ರ, ಅದರಲ್ಲಿಯೂ ಹೆಚ್ಚಿನ ಪಾಲು ಕೊಡಗಿನವರೆಲ್ಲರ ಅಭ್ಯಾಸದಂತೆ ಮಳೆಯ ಇಂಚುಗಳ ಲೆಕ್ಕ. ನಿವೃತ್ತಿಯ ನಂತರ ಗೌರಮ್ಮನವರ ಕಥೆಗಳನ್ನು ಮತ್ತೊಮ್ಮೆ ಓದಿ, ತಮಗೂ ಕಥೆಯೊಂದು ಬರೆಯಬೇಕೆಂಬ ಆಸೆ ಅವರಿಗೆ ಹುಟ್ಟಿತು. ಒಂದು ಮಳೆಗಾಲದಲ್ಲಿ ವಾಚನಾಲಯದ ಹಲಗೆಯ ಮೇಲೆ ಕಥಾಸ್ಪರ್ಧೆಯ ಪ್ರಕಟಣೆ ಕಂಡಾಗ ಆ ಆಸೆಗೆ ಒಂದು ದಿನಾಂಕ ದೊರೆಯಿತು. ಆಗಸ್ಟ್ ತಿಂಗಳ ಕೊನೆಯ ದಿನದೊಳಗೆ ಕಥೆ ಸಂಘಕ್ಕೆ ತಲುಪಬೇಕಾಗಿತ್ತು.

ಕಥೆ ಯಾವುದೆಂಬುದಕ್ಕೆ ಅವರು ಬಹಳ ಹುಡುಕಬೇಕಾಗಲಿಲ್ಲ. 2018ರ ಆಗಸ್ಟ್ ನಡುಭಾಗದಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದು ನಾಡಿಗೆಲ್ಲ ನೆನಪಿದೆ. ದಿನಗಟ್ಟಲೆ ಬಿಡದೆ ಸುರಿದ ಮಳೆಯಲ್ಲಿ ಮಣ್ಣು ನೀರು ಕುಡಿದು ಭಾರವಾಗಿ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಮರಗಿಡಸಹಿತ ಕೆಳಗಿಳಿದವು. ಜೀವಗಳು ಹೋದವು, ಮನೆ ತೋಟಗಳು ಮಣ್ಣಿನಡಿ ಸೇರಿದವು, ಸಾವಿರಾರು ಮಂದಿ ಶಾಲೆ, ಕಲ್ಯಾಣಮಂಟಪಗಳಲ್ಲಿ ತೆರೆದ ಪರಿಹಾರ ಕೇಂದ್ರಗಳನ್ನು ಸೇರಿದರು. ಮುಂದೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ನೆಲೆ ಕಳೆದುಕೊಂಡವರಿಗಾಗಿ ಹೊಸ ಮನೆಗಳ ಸಾಲುಗಳು ಎದ್ದವು. ಅಂಥ ಒಂದು ಹೊಸ ಸಾಲಿಗೆ ಬಂದು ನೆಲೆಸಿದ, ಎಪ್ಪತ್ತು ದಾಟಿದ ಹೆಂಗಸೊಬ್ಬರಿಗೂ ಟೀಚರಿಗೂ ಸ್ನೇಹ ಬೆಳೆಯಿತು. ಮೊದಲು ಅರ್ಜಿ ಬರೆಯಿಸಲು ಬಂದವರು, ಅನಂತರ ಸುಮ್ಮನೆ ಮಾತನಾಡಲು ಬರತೊಡಗಿದರು. ಟೀಚರ್ ಅವರನ್ನು ‘ಅಕ್ಕ’ ಎಂದು ಕರೆಯುತ್ತಿದ್ದರು. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡಿದರೆ ಒಂದು ಪಾತ್ರೆ ತಪ್ಪದೆ ಟೀಚರ ಮನೆಗೆ ಬರುತ್ತಿತ್ತು.

ವಿದ್ಯುತ್ತು ಹೋಗಿ ಎರಡು ದಿನಗಳಾಗಿದ್ದ ಒಂದು ಸಂಜೆ, ದೀಪದ ಮುಂದೆ ಕುಳಿತು, ಅಕ್ಕ ಆ 2018ರ ರಾತ್ರಿಯ ಒಂದು ಸಂಗತಿಯನ್ನು ಹೇಳಿದರು. ಮನೆ ಬಿಟ್ಟು ಓಡುವಾಗ ತಾವು ಮಾಡದೆ ಬಂದ ಒಂದು ಕೆಲಸದ ಸಂಗತಿ ಅದು. ಮಕ್ಕಳಿಗೆ ಹೇಳಿರಲಿಲ್ಲ, ಪರಿಹಾರ ಕೇಂದ್ರದಲ್ಲಿ ಮಾತನಾಡಿಸಲು ಬಂದವರಿಗೆ ಹೇಳಿರಲಿಲ್ಲ. ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮಳೆ ಸ್ವಲ್ಪ ತೆರವಾದೊಡನೆ ಕೊಡೆ ಹಿಡಿದು ಹೊರಟುಹೋದರು. ಆ ಕೆಲಸ ಏನೆಂಬುದು ಈ ಲೇಖನದಲ್ಲಿಯೂ ಬರುವುದಿಲ್ಲ.

ಟೀಚರ್ ಬರೆದ ಕಥೆ ಆ ರಾತ್ರಿಯದು. ಹೆಸರುಗಳನ್ನು ಬದಲಿಸಿದರು, ಹಳ್ಳಿಯನ್ನು ಬೇರೆ ಕಣಿವೆಗೆ ಸಾಗಿಸಿದರು, ಇಬ್ಬರು ಗಂಡುಮಕ್ಕಳ ಬದಲು ಒಬ್ಬ ಮಗಳನ್ನು ತಂದರು. ಹದಿನಾಲ್ಕು ಪುಟ, ಮೂರು ಬಾರಿ ತಿದ್ದಿ ಬರೆದ ಪ್ರತಿ. ಮೂವತ್ತೈದು ವರ್ಷ ಮಕ್ಕಳ ಬರವಣಿಗೆಗೆ ಅಂಕ ಕೊಟ್ಟವರಿಗೆ ತಮ್ಮ ಬರವಣಿಗೆಯ ಬೆಲೆ ತಿಳಿಯದಿರುತ್ತದೆಯೇ? ಇದು ಒಳ್ಳೆಯ ಕಥೆ ಎಂದು ಅವರಿಗೆ ಗೊತ್ತಾಯಿತು. ಪ್ರಥಮ ಬಹುಮಾನ ಬಂದರೂ ಬಂದೀತು ಎಂಬ ಸಣ್ಣ ಆಸೆಯೂ ಮೂಡಿತು. ಅದರಲ್ಲಿ ತಪ್ಪೇನೂ ಇಲ್ಲ. ಆಸೆಯಿಲ್ಲದೆ ಯಾರೂ ಸ್ಪರ್ಧೆಗೆ ಕಥೆ ಕಳುಹಿಸುವುದಿಲ್ಲ.

ಕಡೆಯ ದಿನಕ್ಕೆ ಐದು ದಿನ ಉಳಿದಿರುವಾಗ ಪ್ರತ್ಯೇಕ ಹಾಳೆಯಲ್ಲಿ ಹೆಸರು, ವಿಳಾಸ ಬರೆದು, ದೃಢೀಕರಣದ ಸಾಲನ್ನು ನಕಲು ಮಾಡತೊಡಗಿದರು. ‘ಇದು ನನ್ನ ಸ್ವಂತ ರಚನೆ’ ಎಂದು ಬರೆದಾಯಿತು. ರುಜು ಹಾಕಲು ಕೈ ಏಳಲಿಲ್ಲ. ವಾಕ್ಯಗಳು ಅವರವೇ. ಉಪಮೆಗಳು ಅವರವೇ. ಆದರೆ ಕಥೆಯ ನಡುವಿನಲ್ಲಿ ಉರಿಯುತ್ತಿದ್ದ ಆ ಕೆಂಡ ಯಾರ ಒಲೆಯದು?

ಕಾನೂನನ್ನು ಕೇಳಿದರೆ ಅದರ ಉತ್ತರ ಸರಳ. 1957ರ ಕೃತಿಸ್ವಾಮ್ಯ ಕಾಯಿದೆಯು ಬರೆದವನ ಬರವಣಿಗೆಯನ್ನು ಅವನ ಜೀವಿತಕಾಲ ಮತ್ತು ಮರಣಾನಂತರದ 60 ವರ್ಷಗಳವರೆಗೆ ಕಾಯುತ್ತದೆ. ಅದು ಕಾಯುವುದು ಮಾತಿನ ರೂಪವನ್ನು, ಆ ಮಾತಿನ ಹಿಂದಿನ ಘಟನೆಯನ್ನಲ್ಲ. ಒಬ್ಬರ ಬದುಕಿನಲ್ಲಿ ನಡೆದುದಕ್ಕೆ ಕೃತಿಸ್ವಾಮ್ಯವಿಲ್ಲ. ಆದುದರಿಂದ ಆ ಹದಿನಾಲ್ಕು ಪುಟಗಳ ಒಡೆಯರು ಟೀಚರೇ, ನಿಸ್ಸಂದೇಹವಾಗಿ. ಸ್ಪರ್ಧೆಯ ನಿಯಮವೂ ಇದನ್ನೇ ಒಪ್ಪುತ್ತದೆ. ಅನುವಾದವಲ್ಲ, ಅನುಕರಣೆಯಲ್ಲ, ಪ್ರಕಟಿತವಲ್ಲ. ಹಾಗಿದ್ದರೆ ಅಡ್ಡಿ ಎಲ್ಲಿಯದು?

ಇಲ್ಲಿ ಪ್ರತಿವಾದವೂ ಇದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಕಥೆಗಾರನು ಆಕಾಶದಿಂದ ಕಥೆಯನ್ನು ಇಳಿಸುವುದಿಲ್ಲ; ಕಂಡದ್ದು, ಕೇಳಿದ್ದು, ನೆರೆಮನೆಯಲ್ಲಿ ನಡೆದದ್ದು ಇವೇ ಅವನ ಬಂಡವಾಳ. ಪ್ರತಿಯೊಬ್ಬರ ಅಪ್ಪಣೆಗೆ ಕಾದಿದ್ದರೆ ಲೋಕದಲ್ಲಿ ಕಥಾಸಾಹಿತ್ಯವೇ ಇರುತ್ತಿರಲಿಲ್ಲ. ವಿಧವೆಯರ, ಪರಿತ್ಯಕ್ತೆಯರ ದುಃಖವನ್ನು ಬರೆಯಲು ಗೌರಮ್ಮನವರು ಯಾರ ಒಪ್ಪಿಗೆಯನ್ನು ಕೇಳಬೇಕಾಗಿತ್ತು? ಆ ದುಃಖವನ್ನು ಹೇರಿದವರೇ ಒಪ್ಪಿಗೆ ಕೊಡಬೇಕಾದವರಾಗಿದ್ದರೆ ಆ ಕಥೆಗಳು ಎಂದೂ ಹೊರಬರುತ್ತಿರಲಿಲ್ಲ. ಮುಚ್ಚಿಟ್ಟ ಅನ್ಯಾಯವನ್ನು ಹೊರಗೆ ತರುವುದು ಬರಹದ ಧರ್ಮ. ಎರಡು ದಿನ ಟೀಚರ್ ತಮ್ಮೊಳಗೆ ಈ ವಾದವನ್ನೇ ನಡೆಸಿದರು. ವಾದ ಸರಿಯಾಗಿಯೇ ಇತ್ತು. ಮನಸ್ಸು ಮಾತ್ರ ಒಪ್ಪಲಿಲ್ಲ.

ಏಕೆಂದರೆ ಆ ವಾದವು ಬೇರೊಂದು ಪ್ರಶ್ನೆಗೆ ಉತ್ತರವಾಗಿತ್ತು. ಗೌರಮ್ಮನವರ ಕಥೆಗಳನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಒಂದು ಕಟ್ಟಳೆಯ ಕ್ರೌರ್ಯ, ಯಾರದೋ ಮನೆಯ ಗುಟ್ಟಲ್ಲ. ಕಟ್ಟಳೆ ಎಲ್ಲರ ಕಣ್ಣೆದುರಿನ ವಸ್ತು. ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ಅಕ್ಕನ ಸಂಗತಿ ಅಂಥದಲ್ಲ. ಅಲ್ಲಿ ಬಯಲಿಗೆಳೆಯಬೇಕಾದ ಅನ್ಯಾಯಗಾರನಿರಲಿಲ್ಲ. ಒಬ್ಬ ವೃದ್ಧೆ ಕತ್ತಲಲ್ಲಿ ಒಬ್ಬರನ್ನೇ ನಂಬಿ ಕೆಳಗಿಳಿಸಿದ ಭಾರವಿತ್ತು. ಕಂಡದ್ದು ಬೇರೆ, ನಂಬಿ ಹೇಳಿದ್ದು ಬೇರೆ. ಸಂತೆಯಲ್ಲಿ ಬಿದ್ದ ಕಾಳನ್ನು ಆಯ್ದುಕೊಳ್ಳುವುದಕ್ಕೂ, ಜೋಪಾನ ಮಾಡಿರೆಂದು ಮನೆಯಲ್ಲಿ ಇಟ್ಟುಹೋದ ಮೂಟೆಯನ್ನು ಬಿಚ್ಚಿ ಮಾರುವುದಕ್ಕೂ ಇರುವಷ್ಟೇ ಅಂತರ.

ಅಣುವ್ರತಗಳ ವಿಚಾರವನ್ನು ಬಲ್ಲ ಓದುಗರಿಗೆ ಈ ಅಂತರ ಹೊಸದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕಳವು ಎಂದರೇನೆಂದು ಹೇಳುವಾಗ ವಸ್ತುವಿನ ಬೆಲೆಯನ್ನು ಕೇಳುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎನ್ನುತ್ತದೆ. ಇನ್ನೂ ಸೂಕ್ಷ್ಮವಾದುದು ಸತ್ಯವ್ರತದ ಅತಿಚಾರಗಳ ಪಟ್ಟಿ. ಸುಳ್ಳು ಹೇಳಬಾರದೆಂಬ ವ್ರತದ ದೋಷಗಳಲ್ಲಿ ರಹೋಭ್ಯಾಖ್ಯಾನವೂ ಸೇರಿದೆ, ಅಂದರೆ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ನ್ಯಾಸಾಪಹಾರವೂ ಸೇರಿದೆ, ಇಟ್ಟವರು ಲೆಕ್ಕ ಮರೆತು ಕಡಿಮೆ ಕೇಳಿದಾಗ ಅಷ್ಟೇ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದು. ಹೇಳಿದ ಮಾತು ನಿಜವೇ ಆಗಿದ್ದರೂ ಹೇಳುವ ಅಧಿಕಾರ ಇಲ್ಲದಿದ್ದರೆ ಅದು ಸತ್ಯಕ್ಕೇ ಕುಂದು ಎಂಬ ಈ ದೃಷ್ಟಿ ವ್ಯಾಪಾರಿಗೆ ಎಷ್ಟು ಅನ್ವಯಿಸುವುದೋ ಕಥೆಗಾರನಿಗೂ ಅಷ್ಟೇ ಅನ್ವಯಿಸುತ್ತದೆ. ಟೀಚರ್ ಆ ಗ್ರಂಥವನ್ನು ಓದಿದವರಲ್ಲ. ಆದರೂ ಅವರ ಕೈ ಆ ಸಾಲಿನ ಮುಂದೆ ನಿಂತಿತು. ವ್ರತಗಳು ಗ್ರಂಥದಿಂದ ಮನುಷ್ಯನಿಗೆ ಬಂದವಲ್ಲ, ಮನುಷ್ಯನ ಒಳಗಿನದನ್ನೇ ಗ್ರಂಥ ಹೆಸರಿಟ್ಟು ಕರೆದಿದೆ ಎಂದು ಇಂಥ ಸಂದರ್ಭಗಳಲ್ಲಿ ಅನ್ನಿಸುತ್ತದೆ.

ಮೂರನೆಯ ದಿನ ಬೆಳಿಗ್ಗೆ ಟೀಚರ್ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ಹೋದರು. ಸೊಸೆ ಕೆಲಸಕ್ಕೆ ಹೋಗಿದ್ದಳು. ಅಕ್ಕ ಮರಕೆಸುವಿನ ಎಲೆಗಳ ನಾರು ತೆಗೆಯುತ್ತಾ ಕುಳಿತಿದ್ದರು.

“ಅಕ್ಕಾ, ಒಂದು ಕಥೆ ಬರೆದಿದ್ದೇನೆ. ಸ್ಪರ್ಧೆಗೆ. ಕಳಿಸುವ ಮೊದಲು ನಿಮಗೆ ಓದಿ ಹೇಳಬೇಕು.”

“ನನಗೆ ಯಾಕೆ ಟೀಚರ್? ನನಗೆ ಕಥೆ ಗಿಥೆ ಏನು ಗೊತ್ತು?”

“ಕೇಳಿ. ಆಮೇಲೆ ಹೇಳಿ.”

ಟೀಚರ್ ಓದಿದರು. ಎರಡನೆಯ ಪುಟದಲ್ಲಿಯೇ ಅಕ್ಕನ ಕೈ ಎಲೆಯ ಮೇಲೆ ನಿಂತಿತು. ಮತ್ತೆ ಚಲಿಸಲಿಲ್ಲ. ಹೊಸ ಹೆಸರುಗಳು, ಬೇರೆ ಕಣಿವೆ, ಇಲ್ಲದ ಮಗಳು, ಇವು ಯಾವುವೂ ಒಂದು ಕ್ಷಣವೂ ಅವರನ್ನು ಮರೆಮಾಡಲಿಲ್ಲ. ಊರಿನ ಸ್ಪರ್ಧೆಯ ಕಥೆಯನ್ನು ಊರಿನವರೇ ಓದುತ್ತಾರೆ. ಅಕ್ಕನನ್ನು ಬಲ್ಲ ಬೇರೆ ಯಾರನ್ನೂ ಅವು ಮರೆಮಾಡುತ್ತಿರಲಿಲ್ಲ ಎಂಬುದು ಟೀಚರಿಗೆ ಆಗ, ಓದುತ್ತಿರುವಾಗಲೇ, ಸ್ಪಷ್ಟವಾಯಿತು. ಆದರೂ ನಿಲ್ಲಿಸದೆ ಹನ್ನೊಂದನೆಯ ಪುಟಕ್ಕೆ ಬಂದರು. ಅಲ್ಲಿ, ಕಥೆಯ ಹೆಂಗಸು ಕತ್ತಲಲ್ಲಿ ಮನೆ ಬಿಡುವಾಗ ಆ ಒಂದು ಕೆಲಸವನ್ನು ‘ಮರೆತಳು’ ಎಂದು ಬರೆದಿದ್ದರು.

“ಅಲ್ಲ ಟೀಚರ್,” ಎಂದರು ಅಕ್ಕ. “ಮರೆಯಲಿಲ್ಲ. ನೆನಪಿತ್ತು. ನೆನಪಿದ್ದೂ ಹಿಂದೆ ಹೋಗಲಿಲ್ಲ.”

ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಮಾಡಿನಿಂದ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ‘ಮರೆತಳು’ ಎಂಬ ಆ ಒಂದು ಪದವನ್ನು ಟೀಚರ್ ಕರುಣೆಯಿಂದ ಬರೆದಿದ್ದರು. ಓದುವವರು ಆ ಹೆಂಗಸನ್ನು ಕೆಟ್ಟವಳೆಂದು ತಿಳಿಯದಿರಲಿ ಎಂಬುದು ಅವರ ಇಚ್ಛೆ. ಆದರೆ ಐದಾರು ವರ್ಷ ಒಬ್ಬಳೇ ಹೊತ್ತುಕೊಂಡು ಬಂದ ಸತ್ಯ ಯಾವುದೋ ಅದೇ ಆ ಪದದಿಂದ ಅಳಿಸಿಹೋಗಿತ್ತು. ಇಟ್ಟ ಮೂಟೆಯನ್ನು ತೆಗೆದುಕೊಂಡದ್ದಷ್ಟೇ ಅಲ್ಲ, ಅದರೊಳಗಿನ ತೂಕವನ್ನೂ ಕಡಿಮೆ ಮಾಡಿದಂತಾಗಿತ್ತು.

“ಕಳಿಸಲಾ ಅಕ್ಕಾ?” ಎಂದು ಟೀಚರ್ ಕೇಳಿದರು. ಹಾಗೆ ಕೇಳುವಾಗಲೇ ಉತ್ತರ ಏನಾದರೂ ಆಗಲಿ, ತಾವು ಕೇಳಿದ್ದು ತಡವಾಯಿತು ಎಂದು ಅವರಿಗನ್ನಿಸಿತು. ಬರೆಯುವ ಮೊದಲೇ ಕೇಳಬೇಕಾಗಿತ್ತು. ಬರೆದು ತಂದು ಮುಂದಿಟ್ಟರೆ ಬೇಡವೆನ್ನುವ ಭಾರವೂ ಅವರ ಮೇಲೆಯೇ ಬೀಳುತ್ತದೆ.

ಅಕ್ಕ ಕೂಡಲೇ ಉತ್ತರಿಸಲಿಲ್ಲ. ಒಂದು ದಿನ ಕೇಳಿದರು. ಮರುದಿನ ಮಳೆಯಲ್ಲೇ ಟೀಚರ ಜಗಲಿಗೆ ಬಂದು, ಕೊಡೆಯನ್ನು ಮಡಿಚದೆ, “ಬೇಡ ಟೀಚರ್. ದೊಡ್ಡವನಿಗೆ ಗೊತ್ತಾದರೆ ತಡೆಯಲಾರ. ನಾನು ಹೋದ ಮೇಲೆ ಬೇಕಾದರೆ ಮಾಡಿ” ಎಂದರು. ಅನಂತರ, “ನಿಮಗೆ ಬಹುಮಾನ ತಪ್ಪಿತಲ್ಲಾ” ಎಂದು ಸೇರಿಸಿದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ; ನಿಜವಾದ ಸಂಕೋಚವಿತ್ತು. ತಪ್ಪು ಮಾಡಿದವರ ಮುಂದೆ ತಪ್ಪು ಮಾಡದವರೇ ಸಂಕೋಚಪಡುವುದು ಲೋಕದಲ್ಲಿ ಅಪರೂಪವೇನಲ್ಲ. ಟೀಚರಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಆ ಮಾತಿನಿಂದ.

ಕಡೆಯ ದಿನಕ್ಕೆ ಒಂದೇ ದಿನ ಉಳಿದಿತ್ತು. ಸ್ಪರ್ಧೆಯನ್ನೇ ಬಿಟ್ಟುಬಿಡಬಹುದಾಗಿತ್ತು. ಆದರೆ ಬಿಟ್ಟರೆ ಅಕ್ಕನ ‘ಬೇಡ’ದ ಮೇಲೆ ತಮ್ಮ ನಷ್ಟವನ್ನೂ ಹೊರಿಸಿದಂತಾಗುತ್ತದೆಂದು ಟೀಚರ್ ಯೋಚಿಸಿದರು. ಆ ರಾತ್ರಿ ಕುಳಿತು ಬೇರೊಂದು ಕಥೆ ಬರೆದರು. ಅರ್ಜಿಗಳನ್ನು ಬರೆದುಕೊಡುವ ಒಬ್ಬ ಶಿಕ್ಷಕಿಯ ಕಥೆ. ಪರರ ಹೆಸರಿನಲ್ಲಿ ಸಾವಿರ ಅರ್ಜಿ ಬರೆದವಳಿಗೆ ತನ್ನದೇ ಪಿಂಚಣಿಯ ಅರ್ಜಿ ಬರೆಯಲು ಕುಳಿತಾಗ ಮೊದಲ ವಾಕ್ಯ ಹೊಳೆಯದೆ ಹೋದದ್ದು ಅದರ ವಸ್ತು. ಏಳು ಪುಟವಾಯಿತು. ಮೊದಲಿನ ಕಥೆಯಷ್ಟು ಅದು ಚೆನ್ನಾಗಿರಲಿಲ್ಲ, ಕೊನೆಯೂ ಅವಸರದ್ದು. ಆದರೆ ದೃಢೀಕರಣದ ಸಾಲಿನ ಕೆಳಗೆ ರುಜು ಹಾಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೋಗಿ ತಾವೇ ಲಕೋಟೆಯನ್ನು ಸಂಘದ ಕಾರ್ಯದರ್ಶಿಗಳ ಕೈಗೆ ಕೊಟ್ಟು ಬಂದರು.

ನವೆಂಬರದ ರಾಜ್ಯೋತ್ಸವ ಸಮಾರಂಭದಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಮೂರು ಬಹುಮಾನಗಳಲ್ಲಿ ಟೀಚರ ಹೆಸರಿರಲಿಲ್ಲ. ಭಾಗವಹಿಸಿದ ಎಲ್ಲರಿಗೂ ಪ್ರಶಂಸಾಪತ್ರ ಕೊಟ್ಟರು, ಅವರಿಗೂ ಒಂದು ಬಂತು. ಪ್ರಥಮ ಬಹುಮಾನ ಪಡೆದವನು ತೋಟದ ಲೈನು ಮನೆಯಲ್ಲಿ ಬೆಳೆದ ಹುಡುಗ. ವೇದಿಕೆಯ ಮೇಲೆ ಅವನ ಕಥೆಯ ಒಂದು ಭಾಗವನ್ನು ಓದಿಸಿದಾಗ, ಇದಕ್ಕೆ ಸಲ್ಲತಕ್ಕದ್ದೇ ಸಂದಿತು ಎಂದು ಟೀಚರಿಗೆ ಅನ್ನಿಸಿತು. ಅದೇ ಕ್ಷಣದಲ್ಲಿ, ತಮ್ಮ ಮೊದಲ ಕಥೆಯನ್ನು ಕಳುಹಿಸಿದ್ದರೆ ಏನಾಗುತ್ತಿತ್ತೆಂಬ ಯೋಚನೆಯೂ ಬಂತು. ಬರಲಿಲ್ಲವೆಂದು ಅವರು ಯಾರಿಗೂ ಹೇಳಿಕೊಂಡಿಲ್ಲ. ತ್ಯಾಗ ಮಾಡಿದವರಿಗೆ ಕೂಡಲೇ ಶಾಂತಿ ದೊರೆಯುತ್ತದೆಂದು ಉಪದೇಶ ಮಾಡುವುದು ಸುಲಭ. ಬಿಟ್ಟುಕೊಟ್ಟ ವಸ್ತುವಿನ ಬೆಲೆ ನೆನಪಿನಲ್ಲಿರುವವರೆಗೆ ಮನಸ್ಸು ಅದರ ಸುತ್ತ ಸುಳಿಯುತ್ತಲೇ ಇರುತ್ತದೆ. ಹಾಗೆ ಸುಳಿಯುವ ಮನಸ್ಸನ್ನು ಹೊತ್ತುಕೊಂಡೇ ಬಿಟ್ಟುಕೊಟ್ಟದ್ದರಿಂದ ಅದಕ್ಕೆ ತ್ಯಾಗವೆಂಬ ಹೆಸರು.

ಕಥಾಸ್ಪರ್ಧೆಗಳಿಗೆ ಬರೆಯುವವರು ಇಂದು ಹಿಂದಿಗಿಂತ ಹೆಚ್ಚು. ಅವರಲ್ಲಿ ಬೇರೆಯವರ ಅಚ್ಚಾದ ಕಥೆಯನ್ನು ಕದಿಯುವವರು ಕೆಲವರಿದ್ದರೆ ಅವರನ್ನು ಹಿಡಿಯುವುದು ತೀರ್ಪುಗಾರರ ಕೆಲಸ. ಆದರೆ ಅಚ್ಚಾಗದ, ಕೃತಿಸ್ವಾಮ್ಯವಿಲ್ಲದ, ಒಬ್ಬರ ಎದೆಯಲ್ಲಿ ಮಾತ್ರ ಇರುವ ಕಥೆಯನ್ನು ತೆಗೆದುಕೊಂಡವರನ್ನು ಯಾವ ತೀರ್ಪುಗಾರರೂ ಹಿಡಿಯಲಾರರು. ಅಲ್ಲಿ ಕಾವಲಿರುವುದು ಆ ಒಂದು ಸಾಲು ಮಾತ್ರ. ನೆರೆಯವರ ಬದುಕಿನಿಂದ ಏನನ್ನೂ ಬರೆಯಬಾರದೆಂದು ಯಾರೂ ಹೇಳುವುದಿಲ್ಲ. ಕಂಡದ್ದನ್ನು ಬರೆಯಲಿ, ಅನ್ಯಾಯವಿದ್ದರೆ ಅವಶ್ಯವಾಗಿ ಬರೆಯಲಿ. ನಂಬಿ ಹೇಳಿದ್ದನ್ನು ಬರೆಯುವ ಮೊದಲು ಹೋಗಿ ಕೇಳಲಿ, ಬೇಡವೆಂದರೆ ಸುಮ್ಮನಾಗಲಿ. ರುಜು ಹಾಕುವ ಮೊದಲು ಇಷ್ಟನ್ನು ಯೋಚಿಸುವುದಕ್ಕೆ ಐದು ನಿಮಿಷ ಸಾಕು. ಯೋಚಿಸಿ ಎದ್ದು ಹೋಗುವುದಕ್ಕೆ ಕೆಲವೊಮ್ಮೆ ಎರಡು ದಿನ ಹಿಡಿಯಬಹುದು.

ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದ ಒಂದು ಮಧ್ಯಾಹ್ನ, ಅಕ್ಕ ಟೀಚರ ಮನೆಗೆ ಬಂದರು. ಗೋಡೆಯ ಮೇಲೆ ತೂಗುಹಾಕಿದ್ದ ಪ್ರಶಂಸಾಪತ್ರವನ್ನು ನೋಡಿದರು. ಅಕ್ಷರ ಓದಲು ಬಾರದಿದ್ದರೂ ಅದರ ಅಂಚಿನ ಬಣ್ಣವನ್ನು ಬೆರಳಿನಿಂದ ಮುಟ್ಟಿ ಮೆಚ್ಚಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಕುಳಿತು, “ಆವತ್ತಿನದು ಇಟ್ಟಿದ್ದೀರಾ ಟೀಚರ್? ಇನ್ನೊಂದು ಸಲ ಓದಿ” ಎಂದರು. ಟೀಚರ್ ಬೀರುವಿನಿಂದ ಹದಿನಾಲ್ಕು ಪುಟಗಳನ್ನು ತೆಗೆದು ಮೊದಲಿನಿಂದ ಓದಿದರು. ಹನ್ನೊಂದನೆಯ ಪುಟದಲ್ಲಿ ‘ಮರೆತಳು’ ಎಂಬುದನ್ನು ಹೊಡೆದುಹಾಕಿ ಮೇಲೆ ‘ನೆನಪಿದ್ದೂ ಹೋಗಲಿಲ್ಲ’ ಎಂದು ಬರೆದಿತ್ತು. ಅಲ್ಲಿಗೆ ಬಂದಾಗ ಅಕ್ಕ ತಲೆಯಾಡಿಸಿದರು. ಮುಗಿದ ಮೇಲೆ ಏನೂ ಹೇಳಲಿಲ್ಲ. ಅಂದಿನಿಂದ ಆಗೊಮ್ಮೆ ಈಗೊಮ್ಮೆ ಬಂದು ಆ ಕಥೆಯನ್ನು ಓದಿಸಿಕೊಂಡು ಹೋಗುತ್ತಾರೆ.

ಇಲ್ಲಿ ಅಚ್ಚಾಗಿರುವಷ್ಟು ಮಾತನ್ನು ಇಬ್ಬರಿಗೂ ಮೊದಲು ಓದಿ ಹೇಳಲಾಗಿದೆ. ಇಷ್ಟಕ್ಕೆ ಇಬ್ಬರೂ ಒಪ್ಪಿದ್ದಾರೆ. ಉಳಿದದ್ದು ಆ ಬೀರುವಿನಲ್ಲಿದೆ.